ಇಸ್ತ್ರಿ ಮಾಸ್ತರನ ಕಬ್ಬಿಣ

ಸೆಪ್ಟೆಂಬರ್ 28, ರವಿವಾರ. ಬೆಳಿಗ್ಗೆ 6

ನೆರೆದ ಮಹಾಜನರೇ! ತಾಯಂದಿರೇ! ಮುಂದಿನ ಸಾಲಿನಲ್ಲಿ ಕುಳಿತು ಶೇಂಗಾ ಸಿಪ್ಪೆ ಚೆಲ್ಲುತ್ತಿರುವ ಗಣ್ಯಮಾನ್ಯರೇ! ಕೂಸುಗಳ ಬಾಯಿ ಮುಚ್ಚಿಸಿರಿ. ಪಡದೆ ಎದ್ದಿದೆ!

ಯಾರೂ ಇಲ್ಲ. ಗೊತ್ತು. ಎದುರಿಗೆ ಕುಕ್ಕರು, ಮೇಲೆ ಫ್ಯಾನು, ಗೋಡೆಯ ಮೇಲೊಂದು ಹಲ್ಲಿ. ರಾಮದುರ್ಗದ ಪ್ರೇಕ್ಷಕರಿಗಿಂತ ಈ ಹಲ್ಲಿ ಎಷ್ಟೋ ವಾಸಿ. ಲೊಚ್ ಅಂತಾದರೂ ಅನ್ನುತ್ತದೆ. ಎಪ್ಪತ್ತೊಂಬತ್ತರಲ್ಲಿ ಆ ಊರಿನ ನಾಟಕದ ಕ್ಯಾಂಪಿನಲ್ಲಿ ನಾನು ಸತ್ತಾಗ ಒಬ್ಬನೂ ಅಳಲಿಲ್ಲ. ಕಲ್ಲೆದೆಯ ಊರು. ಅಂದಿನಿಂದ ಆ ಊರಿನ ಬಸ್ಸು ಹತ್ತಿಲ್ಲ.

ದಿನಾ ಹೀಗೇ. ಉಪ್ಪುನೀರು ಮುಕ್ಕಳಿಸಿ, ಆಮೇಲೆ ಅಣ್ಣನ ಸಾವು. 'ತವರಿನ ತೊಲೆ'ಯ ಕೊನೆಯ ಅಂಕ, ತಂಗಿಯ ಮಡಿಲು. ನಾಟಕದ ಕಂಪನಿಯಲ್ಲಿ ಆರು ವರ್ಷ ಸತ್ತೆ. ಕಂಪನಿ ಮುಳುಗಿತು. ಪುಣೆ ಹತ್ತಿರದ ದೇಹೂ ರೋಡಿನ ಮಿಲಿಟರಿ ಸ್ಟೋರಿನಲ್ಲಿ ಮೂವತ್ತನಾಲ್ಕು ವರ್ಷ ಕಂಬಳಿ ಕೊಟ್ಟೆ, ತಗೊಂಡೆ. ಆದರೂ ವರ್ಷಕ್ಕೊಮ್ಮೆ ಕನ್ನಡ ಬಳಗದ ಉತ್ಸವದಲ್ಲಿ ಸಾಯುವುದು ಬಿಟ್ಟಿಲ್ಲ. ಪುಣೆಯಲ್ಲಿ ಅಣ್ಣ ಅಂದರೆ ನಾನು.

ಈ ಸಲ ನಿರ್ದೇಶಕ ಸುಹಾಸ. ಬೆಂಗಳೂರಿನವ, ಹಿಂಜವಡಿಯ ಕಂಪ್ಯೂಟರ್ ಕೂಲಿ. ನಿನ್ನೆ ತಾಲೀಮಿನಲ್ಲಿ ನನಗೆ — ನನಗೆ! — ಪಾಠ.

"ಅಂಕಲ್, ಪ್ಲೀಸ್, ಸ್ವಲ್ಪ ಡೌನ್ ಮಾಡಿ. ಸಾಯ್ತಿರೋನು ಇಷ್ಟು ಜೋರಾಗಿ ಕೂಗಲ್ಲ."

"ಹಿಂದಿನ ಸಾಲಿಗೆ ಕೇಳಬೇಕಲ್ಲಪಾ."

"ಕಾಲರ್ ಮೈಕ್ ಇದೆ ಅಂಕಲ್."

ಕಾಲರ್ ಅಂತೆ. ನಾಯಿಗೆ ಹಾಕು, ಅಂದೆ. ಅವನು ಮೊಬೈಲ್ ನೋಡುತ್ತ, "ನಿಮ್ಗೆ ಕಷ್ಟ ಆದ್ರೆ ಕುಶಲ್ ಸರ್ ಟ್ರೈ ಮಾಡ್ಲಿ" ಅಂದ.

ಕುಶಲ! ಉಡುಪಿ ಕಡೆಯವ. ವಾಕಡದಲ್ಲಿ ಅವನ ಹೋಟೆಲು, ಮೇಲಿನ ಹಾಲಿನಲ್ಲಿ ನಮ್ಮ ತಾಲೀಮು. ದನಿ ಎಂಥದು? ಪಿಸುಮಾತು. ಅವನು ಸತ್ತರೆ ಪ್ರೇಕ್ಷಕರು ಬಿಲ್ ಕೇಳುತ್ತಾರೆ.

ನಾಟಕ ನವೆಂಬರ್ 16ಕ್ಕೆ. ಈಗ ಜೂನಾ ಬಜಾರಿಗೆ ಹೊರಟೆ. ಎರಡನೆಯ ಅಂಕದಲ್ಲಿ ಪಟ್ಟಣದ ಶೋಕಿ ಭಾವನ ಮನೆ. ಗೋಡೆಗೆ ನೇತು ಹಾಕಲು ಒಂದು ಗಿಟಾರು ಬೇಕಂತೆ.

ಅದೇ ದಿನ, ಮಧ್ಯಾಹ್ನ 3

ಕೊಂಡು ತಂದೆ. ಮೋಸ ಹೋದೆ.

ಹೊಟ್ಟೆಯೇ ಇಲ್ಲದ ಗಿಟಾರು. ಗೇಣಗಲದ ಗಟ್ಟಿ ಹಲಗೆ, ಎರಡು ಗುಂಡಿ, ಮುತ್ತಿನ ಚಿಪ್ಪಿನ ಚುಕ್ಕಿ, ಕೋಲ್ಕತ್ತಾ ಅಂತ ಅರ್ಧ ಅಳಿಸಿದ ತಗಡು. ಆರು ತಂತಿ. ಅವೂ ಹಲಗೆಯಿಂದ ಬೆರಳು ತೂರುವಷ್ಟು ಮೇಲೆ. ಸಿನೆಮಾದವರ ಹಾಗೆ ಎದೆಗೆ ಅಪ್ಪಿ ಒತ್ತಿದೆ. ಬೆರಳು ಕೊಯ್ದಿತು, ನಾದ ಬರಲಿಲ್ಲ.

ನಮ್ಮಾಕಿ ಸೆರಗಿಗೆ ಕೈ ಒರೆಸುತ್ತ ಬಂದು ನೋಡಿದಳು. "ಕಾಲಿಲ್ಲದ ಮಣಿ ತಂದೀರಲ್ಲರೀ. ಕುಂಡ್ರಾಕೂ ಬರಂಗಿಲ್ಲ."

ತಲೆಯ ಕಡೆ ತಂತಿ ಎತ್ತಿ ಹಿಡಿದ ಒಂದು ಪಟ್ಟಿ ಇದೆ. ಅದನ್ನು ಅರದಿಂದ ಉಜ್ಜಿ ತಗ್ಗಿಸಲು ಕೂತೆ. ಅರವೇ ಮೊಂಡಾಯಿತು.

ಅಕ್ಟೋಬರ್ 1, ಬುಧವಾರ

ಶನಿಪಾರದ ಹತ್ತಿರ ಅವಧೂತನ ಅಂಗಡಿ. ಸಿತಾರು, ಹಾರ್ಮೋನಿಯಂ ರಿಪೇರಿ. ಅರವತ್ತು ದಾಟಿದವ, ಮೂಗಿನ ತುದಿಗೆ ಕನ್ನಡಕ. ಪುಣೆಯ ಪೇಟೆಯವರ ತಿರಸ್ಕಾರದ ಮುಂದೆ ನನ್ನದು ಏನೂ ಅಲ್ಲ. ತಂತಿ ತಗ್ಗಿಸಿಕೊಡು, ಅಂದೆ. ಅರದ ಗಾಯ ನೋಡಿ ಹಣೆ ಬಡಕೊಂಡ.

"ಕಾಕಾ, ಹೇ ಮಾಂಡೀವರ ಠೇವಾಯಚಂ!"

ತೊಡೆಯ ಮೇಲೆ ಇಡಬೇಕಂತೆ! ಕೂಸಿನ ಹಾಗೆ ಅಂಗಾತ ಮಲಗಿಸಿಕೊಂಡ. ಒಂದು ಡಬ್ಬಿಯಂಥ ಸ್ಪೀಕರಿಗೆ ವೈರು ಚುಚ್ಚಿದ. ಎಡಗೈಯಲ್ಲಿ ಹೆಬ್ಬೆಟ್ಟು ಗಾತ್ರದ ಉಕ್ಕಿನ ತುಂಡು, ಬಲಗೈ ಬೆರಳುಗಳಿಗೆ ಉಗುರಿನಂಥ ಉಂಗುರ. ತಂತಿ ಮೀಟಿ, ಉಕ್ಕನ್ನು ಜಾರಿಸಿದ. ಒಮ್ಮೆ.

ಈ ದನಿ ಗೊತ್ತು ನನಗೆ.

ಕಂಪನಿಯಲ್ಲಿ ಒಬ್ಬನಿದ್ದ. ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸ್ ಕಡೆಯವ. ಎಡಗಡೆಯ ಪಡದೆಯ ಹಿಂದೆ ಸ್ಟೂಲು ಹಾಕಿಕೊಂಡು, ತೊಡೆಯ ಮೇಲಿನ ಹಲಗೆಗೆ ಕಬ್ಬಿಣ ತಿಕ್ಕುತ್ತಿದ್ದ. ಅದಕ್ಕೇ ನಾನು ಇಟ್ಟ ಹೆಸರು — ಇಸ್ತ್ರಿ ಮಾಸ್ತರ. ಊಟದ ಪಂಕ್ತಿಯಲ್ಲಿ ಕೂಗುತ್ತಿದ್ದೆ: "ಏ ಮಾಸ್ತರ, ನನ್ನ ಧೋತರಾನೂ ಒಂದೀಟು ತಿಕ್ಕೋ!" ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ನಿಜವಾದ ಹೆಸರು ನೆನಪಿಲ್ಲ. ಕೇಳಿದ್ದೆನೋ ಇಲ್ಲವೋ.

ಡಬ್ಬಿ, ಉಕ್ಕು ಎರಡನ್ನೂ ಅವಧೂತ ಕೈಗಡ ಕೊಟ್ಟ. "ಎಂಟು ದಿನದಾಗ ವಾಪಸ್ ತರತೀರಿ, ಬರಂಗಿಲ್ಲ ನಿಮಗ" ಅಂತ ಮರಾಠಿಯಲ್ಲಿ ಅಂದ. ಅದಕ್ಕೇ ತಂದೆ.

ಅಕ್ಟೋಬರ್ 5, ರವಿವಾರ

ಒತ್ತಿದರೆ ಕಿರುಚುತ್ತದೆ. ಬರೀ ಇಟ್ಟರೆ ಹಾಡುತ್ತದೆ. ಉಕ್ಕಿನ ಭಾರವೇ ಸಾಕಂತೆ. ಹಲಗೆಯ ಮೇಲೆ ಕೊರೆದ ಗೆರೆಯ ಹಿಂದೆಯೂ ಅಲ್ಲ, ಮುಂದೆಯೂ ಅಲ್ಲ, ಸರಿಯಾಗಿ ಗೆರೆಯ ಮೇಲೆ. ಜೀವಮಾನದಲ್ಲಿ ನಾನು ಗೆರೆಯ ಮೇಲೆ ನಿಂತವನಲ್ಲ. ಲೈಟ್ ಬಿದ್ದಲ್ಲಿ ನಿಂತವನು.

ನಾಲ್ಕು ದಿನ ಬೆಕ್ಕು ಜಗಳ. ಪಕ್ಕದ ಮನೆಯ ರಾಧಾಬಾಯಿ ಬಾಗಿಲು ಬಡಿದು, ಮಿಕ್ಸರ್ ಕೆಟ್ಟಿದೆಯಾ, ಅಂದಳು. ಅರಸಿಕಳು.

ಇವತ್ತು ಹನ್ನೊಂದರ ಸುಮಾರು... ಐದನೆಯ ಗೆರೆಯಿಂದ ಏಳಕ್ಕೆ ಜಾರಿಸಿ, ಅಲ್ಲೇ ನಿಲ್ಲಿಸಿ, ಮಣಿಕಟ್ಟನ್ನು ಒಂದಿಷ್ಟು ಅಲುಗಿಸಿದೆ. ಅದು ಉಸಿರಾಡಿತು. ದೇವರಾಣೆ. ಹಲಗೆ ತೊಡೆಯಲ್ಲಿ ನಡುಗಿತು, ನಡುಕ ಹೊಟ್ಟೆಗೆ ಬಂತು. ಅರವತ್ತೊಂಬತ್ತು ವರ್ಷದ ಈ ಮೃದಂಗದಂಥ ಹೊಟ್ಟೆಯಲ್ಲಿ ಯಾರೋ ಮೆಲ್ಲಗೆ ಬಾಗಿಲು ತೆಗೆದಂತೆ.

ಮತ್ತೆ ಮಾಡಿದೆ. ಮತ್ತೆ. ಊಟಕ್ಕೆ ಮೂರು ಸಲ ಕರೆದಳು.

ಅಕ್ಟೋಬರ್ 8, ಬುಧವಾರ

ಎಂಟು ದಿನವಾಯಿತು, ಹೋದೆ. ವಾಪಸ್ ಕೊಡಲಿಕ್ಕಲ್ಲ. ಹೊಸ ತಂತಿಗೆ. ಅವಧೂತ ಸೋತ ಮುಖ ಮಾಡಲಿಲ್ಲ, ದುಷ್ಟ. ಸುಮ್ಮನೆ ಅಟ್ಟದಿಂದ ಇನ್ನೆರಡು ಇಳಿಸಿದ. ಒಂದಕ್ಕೆ ಕರೆಂಟೇ ಬೇಡ. ಕುತ್ತಿಗೆಯೂ ಟೊಳ್ಳು, ಜೇನುಬಣ್ಣದ ಮರ, ತೊಡೆಯ ಮೇಲೆ ಇಟ್ಟರೆ ಹಕ್ಕಿಯಷ್ಟು ಹಗುರ. ದನಿ ಸಣ್ಣದು, ಆದರೆ ಬೆಚ್ಚಗೆ. ಇನ್ನೊಂದು ಕಪ್ಪಗೆ, ಕಲ್ಲಿನ ಭಾರ. ಮೀಟಿದರೆ ಚಹಾ ತರಿಸಿ ಕುಡಿದು ಮುಗಿಸುವ ತನಕ ನಾದ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಮೂರು ತಾಸು ಕೂತೆ. ಒಂದರ ನಂತರ ಒಂದು ತೊಡೆಗೇರಿಸಿದೆ, ಮೊಮ್ಮಕ್ಕಳನ್ನು ಆಡಿಸಿದ ಹಾಗೆ.

"ನಿಮ್ಮದೇ ಚಲೋ ಅದ ಕಾಕಾ, ಮೂರರಾಗ," ಅಂದ ಅವಧೂತ. "ನಿಮ್ಮ ಯೋಗ್ಯತಾಕ್ಕ ಜಾಸ್ತಿ."

ಬಸ್ಸಿನಲ್ಲಿ ಒಬ್ಬನೇ ನಕ್ಕೆ.

ಅಕ್ಟೋಬರ್ 18, ಶನಿವಾರ

ತಾಲೀಮು. ಹೇಸಿಗೆ.

ತಂಗಿಯ ಪಾತ್ರಕ್ಕೆ ಶರಣ್ಯಾ ಅಂತೊಬ್ಬಳು, ಸುಹಾಸನ ಆಫೀಸಿನವಳು. ನಾನು ಅವಳ ಮಡಿಲಲ್ಲಿ ಸಾಯುತ್ತಿದ್ದೇನೆ. "ತಂಗೀ! ತವರಿನ ತೊಲೆ ಮುರಿಯಿತೇ!" — ಹಾಲಿನ ಕಿಟಕಿ ಗಾಜು ಗುಯ್ ಅಂದವು. ಅವಳು ಕಿವಿ ಮುಚ್ಚಿಕೊಂಡಳು. ನಗು ತಡೆದು ತಡೆದು ಕಣ್ಣಲ್ಲಿ ನೀರು. ಇದು ಅಳು ಅಲ್ಲ, ನನಗೆ ಗೊತ್ತಾಗುತ್ತದೆ.

"ಸಾರಿ ಅಂಕಲ್, ಸಾರಿ. ಒನ್ಸ್ ಮೋರ್."

ಸುಹಾಸ ಪೆನ್ನು ಕಚ್ಚಿದ. "ದೀಪಾವಳಿ ಆದ್ಮೇಲೆ ಡಿಸೈಡ್ ಮಾಡೋಣ. ನೀವಾ, ಕುಶಲ್ ಸರ್ರಾ ಅಂತ."

ನನ್ನ ಸಾವನ್ನು ಇವನು ಡಿಸೈಡ್ ಮಾಡುವವನು.

ಅಕ್ಟೋಬರ್ 23, ಗುರುವಾರ. ಬೆಳಿಗ್ಗೆ 10

ಭಾವುಬೀಜ, ಅಣ್ಣ-ತಂಗಿಯರ ಹಬ್ಬ. ನಮ್ಮಾಕಿ ಒಳಗೆ ಚಕ್ಕಲಿ ಡಬ್ಬಿಗೆ ತುಂಬುತ್ತಿದ್ದಳು. ನಾನು ಹೊರಗೆ. ಕಂಪನಿಯ ಹಳೆಯ ದನಿ ಹುಡುಕುತ್ತಿದ್ದೆ — ಅಣ್ಣ ಸಾಯುವಾಗ ಇಸ್ತ್ರಿ ಮಾಸ್ತರ ತಿಕ್ಕುತ್ತಿದ್ದದ್ದು. ಮೇಲಿನ ಗೆರೆಯಿಂದ ನಿಧಾನ ಇಳಿದು, ನಡುವೆ ಒಮ್ಮೆ ನಿಂತು, ಮತ್ತೆ ಇಳಿಯುತ್ತಿತ್ತು. ಸಿಕ್ಕಿತು.

ಡಬ್ಬಿ ಬಿದ್ದ ಸಪ್ಪಳ. ಬಾಗಿಲಲ್ಲಿ ನಿಂತಿದ್ದಳು. ಗಲ್ಲ ತೊಯ್ದಿದ್ದವು.

"ಇದs ರೀ," ಅಂದಳು. "ಇದನ್ನs ಕೇಳಿ ಅಳತಿದ್ವಿ ನಾವು. ಸವದತ್ತ್ಯಾಗ."

ಸವದತ್ತಿ ಕ್ಯಾಂಪು! ಹೆಂಗಸರ ಕಡೆ ಮೂರನೆಯ ಸಾಲು. ಐದು ಆಟ, ಐದೂ ಸಲ ಬಿಕ್ಕಿ ಬಿಕ್ಕಿ ಅತ್ತವಳು. ಆ ಕಣ್ಣೀರು ನೋಡಿಯೇ ನಾನು ಹೆಣ್ಣು ಕೇಳಲು ಹೋದದ್ದು.

"ನನ್ನ ಮಾತಿಗೆ ಅತ್ತಿದ್ದಿಲ್ಲೇನು ನೀ?"

ಆಕೆ ಕಣ್ಣೊರೆಸಿಕೊಂಡಳು. ಸುಳ್ಳು ಹೇಳಿದ್ದರೂ ನಡೆಯುತ್ತಿತ್ತು. ನಲವತ್ತೈದು ವರ್ಷ ಹೇಳಿದ್ದಾಳೆ, ಇನ್ನೊಂದು ದಿನಕ್ಕೆ ಏನು?

"ನಿಮ್ಮ ಮಾತಿಗೆ ಕೂಸುಗೋಳು ಅಳತಿದ್ವು ರೀ. ಅಂಜಿ."

ಕೆಳಗೆ ಬಿದ್ದ ಚಕ್ಕಲಿ ಆರಿಸುತ್ತ ಕೂತಳು. ನಾನೂ ಕೂತೆ. ಚೂರು ಚೂರು.

ನವೆಂಬರ್ 2, ರವಿವಾರ

ಬರೆಯಲಿಲ್ಲ. ಮುಕ್ಕಳಿಸಲಿಲ್ಲ. ಹಲಗೆ ಮುಟ್ಟಲಿಲ್ಲ.

ರಾಮದುರ್ಗ ನೆನಪಾಯಿತು. ಇಡೀ. ಮುಂಜಾನೆ ನಾನು ಕಂಪನಿಯ ಧಣಿಯರ ಮುಂದೆ ಹೋಗಿ ಗರ್ಜಿಸಿದ್ದೆ: ನನ್ನ ಸಾವಿನ ಮೇಲೆ ಆ ಇಸ್ತ್ರಿಯವನ ಕುಂಯ್‌ಕುಂಯ್ ಬೇಡ, ಅವನಿದ್ದರೆ ನಾನಿಲ್ಲ. ಧಣಿಯರು ಒಪ್ಪಿದರು. ಆಟದ ಹೊತ್ತಿಗೆ ಮಾಸ್ತರ ಉಕ್ಕನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಟೆಂಟಿನ ಹೊರಗೆ ಬೀಡಿ ಸೇದುತ್ತಿದ್ದ. ನಾನು ಸತ್ತೆ. ಯಾರೂ ಅಳಲಿಲ್ಲ. ಮರುದಿನ ಧಣಿಯರು ಒಂದೇ ಮಾತು ಅಂದರು: "ಮಾಸ್ತರ ಕುಂಡ್ರಲಿ." ಧಣಿಗೆ ರಸಜ್ಞಾನ ಇಲ್ಲ ಅಂದುಕೊಂಡೆ. ಊರಿಗೆ ಎದೆ ಇಲ್ಲ ಅಂದುಕೊಂಡೆ. ಆಮೇಲೆ ಎಲ್ಲ ಕ್ಯಾಂಪಿನಲ್ಲೂ ಅತ್ತರು, ನಾನು ಮೀಸೆ ತಿರುವಿದೆ.

ಬಳಗದ ನಾಟಕದಲ್ಲಿ ಮಾಸ್ತರ ಎಲ್ಲಿದ್ದ? ಇಲ್ಲ. ಅಲ್ಲಿ ಯಾರು ಅತ್ತರು? ನೆನಪು ಮಾಡಿದೆ. ಚಪ್ಪಾಳೆ ನೆನಪಿದೆ. ಅತ್ತವರು... ಯಾರೂ ಇಲ್ಲ.

ರಾಮದುರ್ಗದ ಮಹಾಜನರೇ. ತಪ್ಪು ನಿಮ್ಮದಲ್ಲ. ನಲವತ್ತಾರು ವರ್ಷ ಬೈದ ಬಾಯಿ ಇದು. ಎಂಥ ಮೂರ್ಖನನ್ನು ನೋಡಲು ಟಿಕೆಟ್ ತೆಗೆಸಿದಿರಿ!

ನವೆಂಬರ್ 8, ಶನಿವಾರ

ಸುಹಾಸ: "ಅಂಕಲ್, ನೀವೇ ಅಣ್ಣ. ಫೈನಲ್. ಕುಶಲ್ ಸರ್ ಬೇಡ ಅಂದ್ರು."

ಕುಶಲ ಕೈ ಮುಗಿದ. "ಎಂತ ಮಾರಾಯ್ರೆ, ನಿಮ್ಮ ಪಾತ್ರ ನಾನು ತಗೊಳ್ಳುದಾ? ಹಿಂದೆ ನಿಂತು ಮಾತು ಎತ್ತಿ ಕೊಡ್ತೇನೆ, ಸಾಕು."

ಗೆದ್ದೆ. ಮನೆಗೆ ಬಂದು ನಾನು ಬಾರಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಅದನ್ನು ಹಚ್ಚಿಟ್ಟು ಸತ್ತು ನೋಡಿದೆ. ದರಿದ್ರ. ನಾನು ಉಸಿರು ಎಳೆಯುವ ಮೊದಲೇ ಅದು ಅಳುತ್ತದೆ. ಫೋನಿಗೆ ಕಾಯಲು ಬರುವುದಿಲ್ಲ. ಮಾಸ್ತರ ಕಾಯುತ್ತಿದ್ದ. ಪಡದೆಯ ಸಂದಿಯಿಂದ ನನ್ನ ಎದೆಯನ್ನೇ ನೋಡುತ್ತಿದ್ದ, ಅದು ಇಳಿಯುವ ತನಕ. ನಾನು ತಿರುಗಿ ಅವನನ್ನು ನೋಡಿದ್ದೇ ಇಲ್ಲ.

ಸಾಯುವವನು ತಾನೇ ಬಾರಿಸಲಾರ. ಎರಡರಲ್ಲಿ ಒಂದು.

ನವೆಂಬರ್ 12, ಬುಧವಾರ

ಭೂಮಕರ್ ಚೌಕದ ಟ್ರಾಫಿಕ್ಕು. ತಾಲೀಮಿಗೆ ಮುಟ್ಟಿದಾಗ ಮುಕ್ಕಾಲು ತಾಸು ತಡ. ನನ್ನ ಜಾಗಕ್ಕೆ ಕುಶಲನನ್ನು ಮಲಗಿಸಿ ಕೊನೆಯ ಅಂಕ ನಡೆಸುತ್ತಿದ್ದರು. ಕೈಯಲ್ಲಿ ಹಲಗೆ ಇತ್ತು — ಗೋಡೆಗೆ ನೇತು ಹಾಕುವ ಸಾಮಾನು ಅಂತ ತಂದದ್ದು. ಸ್ಪೀಕರ್ ಡಬ್ಬಿಯನ್ನೂ ತಂದಿದ್ದೆ. ಯಾಕೆ ತಂದೆ? ಕೇಳಬೇಡಿ.

ಹಿಂದೆ ಅಕ್ಕಿ ಚೀಲದ ಮೇಲೆ ಕೂತೆ. ವೈರು ಚುಚ್ಚಿದೆ. ಕುಶಲನ ಎದೆ ನೋಡಿದೆ.

"ತಂಗಿ..." ಅಂದ. ಅದೇ ಪಿಸುದನಿ. ಅನ್ನ ಇನ್ನಷ್ಟು ಬೇಕಾ ಅಂತ ಕೇಳಿದ ಹಾಗೆ. ಎದೆ ಇಳಿಯಿತು. ಜಾರಿಸಿದೆ. ನಡುವೆ ನಿಲ್ಲಿಸಿದೆ. ಅವನು ಮತ್ತೆ ಉಸಿರೆಳೆದ. ಕಾದೆ. ಬಿಟ್ಟೆ.

ಶರಣ್ಯಾ ಬಿಕ್ಕಿದಳು. ಮಾತು ಮರೆತು ಅವನ ತಲೆ ತಬ್ಬಿಕೊಂಡು ಕೂತಳು. ಅಡುಗೆಯವನು ಸೌಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ, ಸೌಟಿನಿಂದ ಸಾಂಬಾರು ಸೋರುತ್ತಿತ್ತು. ಸುಹಾಸ ಕನ್ನಡಕ ತೆಗೆದು ಒರೆಸಿದ. ಆಮೇಲೆ ಎಲ್ಲರೂ ಎದ್ದು ಕುಶಲನ ಸುತ್ತ. "ಸರ್, ಸೂಪರ್! ಏನ್ ಆಕ್ಟಿಂಗ್ ಸರ್!"

ಒಬ್ಬನೂ ತಿರುಗಿ ನೋಡಲಿಲ್ಲ. ಒಬ್ಬನೂ! ಕಿವುಡರು, ಕುರುಡರು, ಕತ್ತೆಗಳು. ಕುಶಲನೇ ನಂಬಿಬಿಟ್ಟ, ಮೀಸೆಯೇ ಇಲ್ಲದ ತುಟಿ ಒರೆಸಿಕೊಂಡ.

ಉಕ್ಕನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಆಗ ನಗು ಬಂತು. ಮಾಸ್ತರ ಪಂಕ್ತಿಯಲ್ಲಿ ಕೂತು ನಗುತ್ತಿದ್ದನಲ್ಲ, ಅದೇ ನಗು. ಇಷ್ಟು ವರ್ಷ ಅವನು ನನ್ನ ಹಾಸ್ಯಕ್ಕೆ ನಗುತ್ತಿದ್ದ ಅಂದುಕೊಂಡಿದ್ದೆ.

ನವೆಂಬರ್ 15, ಶನಿವಾರ. ಸಂಜೆ 5

ನಾಳೆ ಆಟ. ಅಣ್ಣನ ಕೋಟು, ಶಾಲು, ಮೀಸೆಯ ಡಬ್ಬಿ ಮಂಚದ ಮೇಲೆ. ಪಕ್ಕದಲ್ಲಿ ಹಲಗೆ. ನಮ್ಮಾಕಿ ಕೇಳಿದಳು: "ಯಾವುದನ್ನ ಚೀಲಕ್ಕ ಹಾಕ್ಲಿ?"

ಮೀಸೆ ಹಚ್ಚಿಕೊಂಡು ಕನ್ನಡಿ ನೋಡಿದೆ. ಗಂಡುಮೆಟ್ಟಿನ ಮುಖ. ಪುಣೆಯಲ್ಲಿ ಇಂಥದು ಇನ್ನೊಂದಿಲ್ಲ. ತೆಗೆದಿಟ್ಟೆ. ಗೋಂದು ತುಟಿಗೆ ಅಂಟಿಯೇ ಇದೆ.

ಮಹಾಜನರೇ, ಕೇಳಿರಿ. ನಾಳೆ ಬೆಳಿಗ್ಗೆ ಆರಕ್ಕೆ ಏಳುತ್ತೇನೆ. ಉಪ್ಪುನೀರು ಬೇಡ. ಏಳರ ಬಸ್ಸಿಗೆ ವಾಕಡ. ಕುಶಲ ಇಡ್ಲಿಗೆ ಗಿರಾಕಿ ಕೂರಿಸುತ್ತಿರುತ್ತಾನೆ. ಗಲ್ಲಾಪೆಟ್ಟಿಗೆಯ ಮೇಲೆ ಮೀಸೆಯ ಡಬ್ಬಿ ಇಡುತ್ತೇನೆ. ಅವನ ಮಳ್ಳ ಮುಖ ನೋಡುವುದಿಲ್ಲ, ನೋಡಿದರೆ ಮನಸ್ಸು ಬದಲಾದೀತು. ಸುಹಾಸನಿಗೆ ಎಡಗಡೆ ಪಡದೆಯ ಹಿಂದೆ ಒಂದು ಸ್ಟೂಲು ಹಾಕಿಸು, ಅನ್ನುತ್ತೇನೆ. ಕಾರಣ ಹೇಳುವುದಿಲ್ಲ. ಕುಶಲನಿಗೆ ಮಾತ್ರ ಹೇಳುತ್ತೇನೆ, ಮೆಲ್ಲಗೆ, ಹಿಂದಿನ ಸಾಲಿಗೆ ಕೇಳದ ಹಾಗೆ: ನಿಧಾನ ಸಾಯಪಾ. ಅವಸರ ಮಾಡಬ್ಯಾಡ. ಅಳಸೋದು ನನಗ ಬಿಟ್ಟು ನೀ ಬರೇ ಉಸಿರು ಬಿಡು.