ಡಿಕ್ಕಿಯಲ್ಲಿದ್ದ ಫರಸಿ

ಶಹಾಬಾದ
12 ನವೆಂಬರ್ 1987

ದೀಪಾವಳಿಗೂ ಮನೆಗೆ ಬಾರದೆ ಮುನಿಸಿಕೊಂಡು ಕುಳಿತ ನನ್ನ ಮುದ್ದಿನ ಜಗದೇವಿಗೆ, ಅವ್ವನ ಆಶೀರ್ವಾದ.

ಗುಲ್ಬರ್ಗಾದ ಹಾಸ್ಟೆಲ್ಲಿನಲ್ಲಿ ಹೊಟ್ಟೆತುಂಬ ಉಣ್ಣುತ್ತೀಯೋ ಇಲ್ಲವೋ, ನೀನು ಬರೆದರೆ ತಾನೆ ನನಗೆ ಗೊತ್ತಾಗುವುದು? ಈ ಪತ್ರ ನಿಮ್ಮಪ್ಪನೇ ಬರೆಯಬೇಕಿತ್ತು. ಬಚ್ಚಲಲ್ಲಿ ಜಾರಿ ಬಲಗೈ ಉಳುಕಿಸಿಕೊಂಡಿದ್ದಾರೆ. ಗಾಬರಿಯಾಗಬೇಡ. ರೊಟ್ಟಿ ನಾನು ಮುರಿದು ಕೊಡುತ್ತೇನೆ, ಬಾಯಿಗೇನೂ ಆಗಿಲ್ಲ.

ಮೊದಲು ನಿನಗೆ ಬೇಕಾದ ಸುದ್ದಿ: ಕಾರು ಮಾರಿಲ್ಲ.

ಬೇಸಿಗೆ ರಜೆಯೆಲ್ಲ ನೀನೂ ವಾಡಿಯ ಮೆಕ್ಯಾನಿಕ್ ಗುಲಾಮ ದಸ್ತಗೀರ ಕಾಕಾನೂ ಆ ಮಾರುತಿಯನ್ನು ಬಿಚ್ಚಿ ಹರವಿಕೊಂಡು ಕುಳಿತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸ್ಪ್ರಿಂಗ್ ಬದಲಿಸಿದಿರಿ, ಅಗಲದ ಟೈರು ಹಾಕಿದಿರಿ, ಕಾರ್ಬುರೇಟರನ್ನು ನನ್ನ ಹಿಟ್ಟಿನ ಪರಾತದಲ್ಲಿ ತೊಳೆದಿರಿ. ಹಿಂದಿನ ಸೀಟು ರವಿವಾರ ರೇಸಿಗೆ ಬಿಚ್ಚಬೇಕು, ಸೋಮವಾರ ನನ್ನ ಸಂತೆಗೆ ಕೂರಿಸಬೇಕು ಎಂದು ಬೋಲ್ಟ್ ಹಾಕಿದಿರಿ. ಹೈದರಾಬಾದಿನ ಹಳೆ ವಿಮಾನಪಟ್ಟಿಯ ರೇಸಿನಲ್ಲಿ ಓಡಿಸುವ ಆಸೆ ನಿನಗೆ. ದಸರೆಯ ದಿನ ಖಣಿ ದಾರಿಯಲ್ಲಿ ಪರೀಕ್ಷೆಗೆ ಜೋರಾಗಿ ಬಿಟ್ಟೆ. ತಿರುವಿನಲ್ಲಿ ಕಾರಿನ ಹಿಂಭಾಗ ಜಿಗಿಯಿತು, ಒಂದು ಕಡೆ ಖಣಿಯ ತಗ್ಗು, ನೀನು ಇನ್ನೊಂದು ಕಡೆಯ ತೊಗರಿ ಹೊಲಕ್ಕೆ ನುಗ್ಗಿಸಿದೆ.

ಅಪ್ಪ ಎಲ್ಲರೆದುರು, “ಕೈಲಾಗದ ಕೆಲಸ ಯಾಕ ಹಚ್ಕೊಂಡಿದ್ದಿ? ಗಾಡಿ ಮಾರ್ತೀನಿ” ಎಂದರು. ನೀನು, “ಇನ್ನ ಸ್ಟೇರಿಂಗ್ ಮುಟ್ಟಿದ್ರ ಕೇಳ್ರಿ” ಎಂದು ಬಸ್ಸು ಹತ್ತಿದೆ. ಅಪ್ಪ ಮಗಳು ಇಬ್ಬರದೂ ಒಂದೇ ಮೂಗು, ಒಂದೇ ಸಿಟ್ಟು.

ಮೊನ್ನೆ ರವಿವಾರ ಚಿತ್ತಾಪುರದ ವಕೀಲರೊಬ್ಬರು ಕಾರು ನೋಡಲು ಬರುವವರಿದ್ದರು. ಹಳೆ ಸ್ಪ್ರಿಂಗ್ ತಿರುಗಿ ಹಾಕಲೆಂದು ಬಂದ ದಸ್ತಗೀರ ಕಾಕಾ ಡಿಕ್ಕಿ ತೆರೆದು ಒಳಗೆ ಇಣುಕಿದ.

“ದೇವೀಂದ್ರಪ್ಪನೋರೆ, ಇದರಾಗಿನ ಫರಸಿ ಎಲ್ಲಿ ಹೋದ್ವು?”

“ಆದಿತ್ಯನಗರದ ಗಿರಾಕಿಗಿ ಕೊಟ್ಟೀನಿ. ದಸರಾ ಹಿಂದಿನ ದಿನ” ಎಂದರು ಅಪ್ಪ.

ಗಿರಾಕಿಗಳಿಗೆ ತೋರಿಸಲು ಅಪ್ಪ ಸದಾ ಡಿಕ್ಕಿಯಲ್ಲಿ ಇಡುತ್ತಿದ್ದ, ನೆಲಕ್ಕೆ ಹಾಸುವ ಫರಸಿ ಕಲ್ಲುಗಳು! ಕಲ್ಲಿನ ವ್ಯಾಪಾರದ ಮನೆ ನಮ್ಮದು. ನೆಲ ಕಲ್ಲು, ಗೋಡೆ ಕಲ್ಲು, ಮಾಳಿಗೆಯೂ ಕಲ್ಲು. ಕಲ್ಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನೀನೂ ಕಾಕಾನೂ ಆ ಭಾರ ಇಟ್ಟುಕೊಂಡೇ ಅದಕ್ಕೆ ತಕ್ಕ ಬಿಗಿ ಸ್ಪ್ರಿಂಗ್ ಕೂರಿಸಿದ್ದಿರಿ. ಕಲ್ಲು ಹೋದ ಮೇಲೆ ಹಿಂಭಾಗ ಹಗುರಾಗಿ ಜಿಗಿಯದೆ ಏನು ಮಾಡೀತು?

ಅಪ್ಪ ನಂಬಬೇಕಲ್ಲ! “ಕಲ್ಲಿಗ್ಯಾಕ ಹೆಸರಿಡ್ತಿ?” ಎಂದು ರೇಗಿದರು. ಮತ್ತೆ ಕಲ್ಲು ಎತ್ತಿಟ್ಟು ಓಡಿಸಿ ತೋರಿಸೋಣವೆಂದರೆ ಹಮಾಲರಿಗೆ ರಜೆ, ಇವರಿಬ್ಬರ ಸೊಂಟವೂ ಅಷ್ಟಕ್ಕಷ್ಟೇ. ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಕ್ಕಾರ, ನೀವೇ ಹಿಂದ ಕುಂದ್ರಿ” ಎಂದ. ಸೀಟು ಬಿಚ್ಚಿದ ಜಾಗದಲ್ಲಿ ಕೌದಿ ಹಾಸಿಕೊಂಡು ಕುಳಿತೆ, ಕಾಕಾ ಓಡಿಸಿದ. ಆ ತಿರುವಿನಲ್ಲಿ ಕಾರು ನೆಲಕ್ಕೆ ಅಂಟಿದಂತೆ ತಿರುಗಿತು ನೋಡು, ನನಗೇ ತಿಳಿಯದೆ ಗಟ್ಟಿಯಾಗಿ ನಕ್ಕುಬಿಟ್ಟೆ. ನಿನಗೆ ಇದರ ಹುಚ್ಚು ಯಾಕೆಂದು ಆಗ ಗೊತ್ತಾಯಿತು. ಆಮೇಲೆ ನಾನು ಇಳಿದೆ. ಎರಡನೇ ಸುತ್ತಿನಲ್ಲಿ ಹಿಂಭಾಗ ಜಿಗಿಯಿತು. ಅಷ್ಟೇ, ಹೆಚ್ಚು ಬರೆಯುವುದಿಲ್ಲ.

ವಕೀಲರಿಗೆ ಚಹಾ ಕುಡಿಸಿ ಕಳಿಸಿದೆವು. ಕಾಕಾ ಈಗ ಖಾಲಿ ಕಾರಿಗೆ ಹೊಂದುವ ಮೆತ್ತನೆಯ ಸ್ಪ್ರಿಂಗ್ ಹಾಕುತ್ತಿದ್ದಾನೆ. ಕೊನೆಯ ಹದ ನೋಡಲು ಸ್ಟೇರಿಂಗ್ ಮೇಲೆ ನಿನ್ನ ಕೈಯೇ ಬೇಕಂತೆ. ರೇಸಿಗೆ ಇನ್ನೂ ಸಮಯವಿದೆ. ಶನಿವಾರ ಬಂದುಬಿಡು ತಾಯಿ. ಅಂಗಳದಲ್ಲಿ ಕಾರು ಒಂದೇ ನಿಂತಿದೆ.

ನಿನ್ನ ದಾರಿ ನೋಡುವ ಅವ್ವ,
ಅಮೃತಮ್ಮ

ತಾ.ಕ.: ಬಚ್ಚಲಲ್ಲಿ ಜಾರಿದ್ದು ಸುಳ್ಳು. ಎರಡನೇ ಸುತ್ತು ಓಡಿಸಿದವರು ನಿಮ್ಮಪ್ಪ. ಕಾರು ಗಿರಕಿ ಹೊಡೆದು ಖಣಿಯ ಅಂಚಿನ ಕಲ್ಲುರಾಶಿಗೆ ತಾಗಿ ನಿಂತಿತು. ಕಾರಿಗೆ ತರಚು, ಅವರ ಕೈಗೆ ಉಳುಕು. ಇಳಿದು ಬಂದವರು ಈಚೆ ತಗ್ಗನ್ನು ನೋಡಿದರು, ಆಚೆ ತೊಗರಿ ಹೊಲ ನೋಡಿದರು. “ನನ್ನ ಕೈಲಿ ಆಗಲಿಲ್ಲ. ಆಕಿ ಹ್ಯಾಂಗ ಹಿಡಿದಳ ಇದನ್ನ?” ಎಂದರು. ನಿನಗೆ ಬರೆಯಬೇಡ ಎಂದಿದ್ದಾರೆ.