ಮಾಲೀಕ ಫೋನ್ ಎತ್ತಿದ ಅಪರಾಧ

ವೀಸಾ ಕಚೇರಿಯ ಪ್ಲಾಸ್ಟಿಕ್ ಕುರ್ಚಿಗಳನ್ನು ಅಲಂಕರಿಸಿರುವ ಮಹಾಜನರೇ, ಟೋಕನ್ ಹಿಡಿದ ಸಜ್ಜನರೇ, ಜೆರಾಕ್ಸ್ ಹೊತ್ತ ಸಹೃದಯರೇ, ಫೋಟೊದ ಹಿನ್ನೆಲೆ ಸಾಕಷ್ಟು ಬಿಳಿಯಾಗಿಲ್ಲವೆಂದು ಮೂರು ಸಲ ವಾಪಸ್ಸಾದ ವೀರರೇ! ದಯವಿಟ್ಟು ಎರಡು ನಿಮಿಷ ಶಾಂತರಾಗಿ. ಗಾಜಿನ ಆಚೆ ಕೂತಿರುವವರಿಗೆ ನಾನು ನಿಮ್ಮ ಸಮ್ಮುಖದಲ್ಲಿ ಈ ಪತ್ರ ಬರೆಯುತ್ತಿದ್ದೇನೆ. ಅವರಿಗೆ ಕನ್ನಡ ಬಾರದು. ಅದೇನೂ ದೊಡ್ಡ ತೊಂದರೆಯಲ್ಲ. ಅವರದೇ ಭಾಷೆಯಲ್ಲಿ ಬರೆದುಕೊಟ್ಟ ನನ್ನ ಅರ್ಜಿಯ ನಾನೂರು ಪುಟಗಳನ್ನೂ ಅವರು ಓದಿರಲಿಲ್ಲ.

ಹೂಡಿಕೆದಾರರ ವೀಸಾ ವಿಭಾಗದ ಮಾನ್ಯ ಅಧಿಕಾರಿಗಳೇ,

ನನ್ನದೇ ಕಂಪನಿಯಲ್ಲಿ ನಾನು ಕೆಲಸ ಮಾಡಿದೆನೆಂಬ ಕಾರಣಕ್ಕೆ ನನ್ನ ವೀಸಾ ನವೀಕರಣವನ್ನು ನೀವು ತಿರಸ್ಕರಿಸಿದ್ದೀರಿ. ನಾನು, ಹೆಂಡತಿ, ಮಗಳು ಮೂವರೂ ಮೂವತ್ತು ದಿನದೊಳಗೆ ದೇಶ ಬಿಡಬೇಕು. ಮಗಳ ಶಾಲೆಯ ಕೊನೆಯ ಪರೀಕ್ಷೆಗೆ ಇನ್ನು ಎಪ್ಪತ್ತೊಂದು ದಿನ ಇದೆ. ಕಳ್ಳತನ ಮಾಡಿ ಸಿಕ್ಕಿಬಿದ್ದವರನ್ನು ನೋಡಿದ್ದೇನೆ, ಮೈಗಳ್ಳತನ ಮಾಡಿ ಸಿಕ್ಕಿಬಿದ್ದವರನ್ನೂ ನೋಡಿದ್ದೇನೆ. ಮೈಮುರಿದು ದುಡಿಯುತ್ತಾ ಸಿಕ್ಕಿಬಿದ್ದವನು ಬಹುಶಃ ನಾನೊಬ್ಬನೇ.

ಕಡತ ನಿಮ್ಮಲ್ಲಿದೆ. ಆದರೂ ಹೇಳುತ್ತೇನೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎ. ಮುಗಿಸಿದವನು. ಇಪ್ಪತ್ತು ವರ್ಷ ಒಂದು ಸಣ್ಣ ಮುದ್ರಣಾಲಯ ನಡೆಸಿದೆ. ರಸೀದಿ ಪುಸ್ತಕ, ಕರಪತ್ರ, ಅಂಗಡಿಗಳ ಜಾಹೀರಾತು. ಪ್ರಾಸ ನನ್ನ ಚಟ. ಕೊಡೆ ಅಂಗಡಿಯವನಿಗೆ ‘ಮಳೆಯ ಕಾಟ ನಿಮಗೆ, ಮಳೆಯಿಂದ ಊಟ ನಮಗೆ’ ಎಂದು ಐನೂರು ಪ್ರತಿ ಅಚ್ಚು ಹಾಕಿಕೊಟ್ಟು ಆ ಗಿರಾಕಿಯನ್ನು ಕಳೆದುಕೊಂಡವನು. ಆಮೇಲೆ ಒಂದು ದಿನ ನಿಮ್ಮ ಕರಪತ್ರ ಕೈಗೆ ಬಂತು. ಹೊಸದಾಗಿ ಸಾಫ್ಟ್‌ವೇರ್ ಕಂಪನಿ ಶುರುಮಾಡಿ, ಇಲ್ಲವೇ ನಡೆಯುತ್ತಿರುವುದನ್ನು ಕೊಳ್ಳಿ, ವೀಸಾ ಪಡೆದು ಸಂಸಾರ ಸಮೇತ ಬನ್ನಿ ಎಂದಿತ್ತು. ಮುಖಪುಟದಲ್ಲಿ ಕೋಟು ತೊಟ್ಟವನೊಬ್ಬ ಕಿಟಕಿಯಾಚೆ ನೋಡುತ್ತಾ ನಗುತ್ತಿದ್ದ. ಆ ನಗುವಿನ ಅರ್ಥ ನನಗೆ ಈಗ ಆಗಿದೆ. ಅವನು ಏನೂ ಕೆಲಸ ಮಾಡುತ್ತಿರಲಿಲ್ಲ.

ಮುದ್ರಣಾಲಯ ಮಾರಿದೆ, ಕಂಪನಿ ಕೊಂಡೆ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಗಳಿಗೆ ಬೇಕಾದ ಸಾಫ್ಟ್‌ವೇರ್ ಅದರದ್ದು. ಯಾರ ಅಂಗಿ ಯಾವ ಹ್ಯಾಂಗರಿನಲ್ಲಿದೆ, ಯಾರ ಪ್ಯಾಂಟಿನ ಕಲೆ ಹೋಗಿಲ್ಲ, ಯಾರು ಕೊಟ್ಟ ಕಂಬಳಿ ಒಯ್ಯಲು ಮೂರು ತಿಂಗಳಿಂದ ಬಂದಿಲ್ಲ, ಎಲ್ಲವನ್ನೂ ಅದು ಹೇಳುತ್ತದೆ. ಬೇಕರಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕಚೇರಿ. ಮೂವರು ಪ್ರೋಗ್ರಾಮರ್‌ಗಳು, ಬಿಲ್ಲು ನೋಡುವವನೊಬ್ಬ, ಗಿರಾಕಿಗಳ ಫೋನಿಗೆ ಉತ್ತರ ಕೊಡುವ ಹೆಂಗಸೊಬ್ಬರು. ಐವರೂ ನಿಮ್ಮ ದೇಶದವರೇ. ಸಾಫ್ಟ್‌ವೇರ್ ಬರೆದ ಹಿರಿಯ ಪ್ರೋಗ್ರಾಮರನ್ನು ಎಲ್ಲರೂ ಕರೆಯುವುದು ಅಜ್ಜ ಅಂತ.

ಮೊದಲ ಸಂದರ್ಶನದಲ್ಲಿ ನೀವು ಕೇಳಿದ್ದು ನೆನಪಿದೆಯೇ? “ದುಡ್ಡು ಹಾಕಿ ಕೈಕಟ್ಟಿ ಕೂರೋರು ನಮಗೆ ಬೇಡ. ಖುದ್ದಾಗಿ ನಡೆಸ್ತೀರಾ?”

“ಬೆಳಗ್ಗೆ ಬೀಗ ತೆಗೆಯೋದರಿಂದ ಸಂಜೆ ದೀಪ ಆರಿಸೋವರೆಗೂ ನಾನೇ ಇರ್ತೀನಿ ಸಾರ್.”

ನೀವು ನಕ್ಕು ಮುದ್ರೆ ಒತ್ತಿದಿರಿ. ಮೂರು ವರ್ಷ ಕಳೆಯಿತು. ಈಗ ಹೇಳುತ್ತೀರಿ, ನಡೆಸುವುದು ಬೇರೆ, ದುಡಿಯುವುದು ಬೇರೆ ಎಂದು. ಕೈಕಟ್ಟಿದರೆ ಸೋಮಾರಿ, ಕೈಹಾಕಿದರೆ ಕೂಲಿಕಾರಿ. ಇವೆರಡರ ನಡುವೆ ಹೂಡಿಕೆದಾರ ಕೈ ಎಲ್ಲಿಟ್ಟುಕೊಳ್ಳಬೇಕು ಸ್ವಾಮಿ? ಅದಕ್ಕೊಂದು ಸುತ್ತೋಲೆ ಹೊರಡಿಸಬಾರದೇ?

ಕಳೆದ ತಿಂಗಳು, ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ, ನಿಮ್ಮ ತಪಾಸಣಾಧಿಕಾರಿ ಹೇಳದೆ ಕೇಳದೆ ಮೆಟ್ಟಿಲು ಹತ್ತಿ ಬಂದರು. ಫೋನಿನ ಹೆಂಗಸು ಕೆಲಸ ಬಿಟ್ಟು ನಾಲ್ಕು ತಿಂಗಳಾಗಿತ್ತು, ಬದಲಿಗೆ ಯಾರೂ ಸಿಕ್ಕಿರಲಿಲ್ಲ. ಹೀಗಾಗಿ ಮಾಲೀಕನಾದ ನಾನೇ ಹೆಡ್‌ಫೋನ್ ತಲೆಗೇರಿಸಿಕೊಂಡು ಕೂತಿದ್ದೆ. ಆ ಕಡೆ ಒಬ್ಬ ಅಂಗಡಿಯಾಕೆ. ಆಕೆಯ ಕಂಪ್ಯೂಟರಿನಲ್ಲಿ ಅಂಗಡಿಯ ಸಮಸ್ತ ಬಟ್ಟೆಯೂ ಒಬ್ಬನೇ ದಂತವೈದ್ಯನ ಹೆಸರಿಗೆ ಸೇರಿಬಿಟ್ಟಿತ್ತು.

“ಹದಿನಾರು ಲಂಗ ಅವರದೇ ಅಂತ ತೋರಿಸ್ತಿದೆ! ಡಾಕ್ಟ್ರು ಎದುರಿಗೇ ನಿಂತಿದಾರೆ, ಏನು ಹೇಳ್ಲಿ?”

“ಮೊದಲು ಅವರನ್ನ ಕೂರಿಸಿ ಅಕ್ಕ. ಯಾವ ಗುಂಡಿಯನ್ನೂ ಒತ್ತಬೇಡಿ.”

“ಒತ್ತಿಬಿಟ್ಟೆ.”

ನಿಮ್ಮ ಅಧಿಕಾರಿ ನನ್ನ ಬೆನ್ನಹಿಂದೆ ಹನ್ನೊಂದು ನಿಮಿಷ ನಿಂತು ಬರೆದುಕೊಂಡರು. ಆಮೇಲೆ ಅಜ್ಜನ ಕಡೆ ತಿರುಗಿ, “ಇವರು ಇಲ್ಲಿ ಏನು ಮಾಡ್ತಾರೆ?” ಎಂದರು. ಮೂರು ವರ್ಷದಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತೂ ಆಡದ ಅಜ್ಜ ಅದಕ್ಕೆ ಆ ದಿನವನ್ನೇ ಆರಿಸಿಕೊಳ್ಳಬೇಕೇ?

“ಇವರಾ? ಚಿನ್ನದಂಥ ಜನ ಸಾರ್! ದಿನಕ್ಕೆ ನಲವತ್ತು ಫೋನ್ ಎತ್ತುತ್ತಾರೆ. ಗತ್ತು ಅನ್ನೋದೇ ಇಲ್ಲ. ನೋಡಿದ್ರೆ ಮಾಲೀಕ ಅಂತ ಯಾರೂ ಹೇಳಲ್ಲ!”

ಕೊನೆಯ ವಾಕ್ಯವನ್ನು ಅವರು ಅಕ್ಷರ ಬಿಡದೆ ಬರೆದುಕೊಂಡರು. ನಿಮ್ಮ ಆದೇಶದ ಮೂರನೇ ಪುಟದಲ್ಲಿ ಅದೇ ಸಾಕ್ಷ್ಯ. ಅದರ ಕೆಳಗೆ ತೀರ್ಮಾನ: ‘ಅರ್ಜಿದಾರರು ಸ್ಥಳೀಯರಿಗೆ ದೊರೆಯಬೇಕಾದ ಗುಮಾಸ್ತ ಹುದ್ದೆಯನ್ನು ಸ್ವತಃ ನಿರ್ವಹಿಸುತ್ತಿದ್ದು, ಉದ್ಯಮವನ್ನು ನಿರ್ದೇಶಿಸುತ್ತಿರುವುದು ಕಂಡುಬಂದಿಲ್ಲ.’

ಕಂಡುಬಂದಿಲ್ಲವಂತೆ! ನಿರ್ದೇಶನವೇನು ಹಲ್ಲಿಯೇ, ಗೋಡೆಯ ಮೇಲೆ ಕಂಡುಬರಲು? ನನಗೂ ಒಂದು ಕ್ಯಾಬಿನ್ ಇದೆ, ತಿರುಗುವ ಕುರ್ಚಿ ಇದೆ. ಬಿಳಿ ಹಲಗೆಯ ಮೇಲೆ ಹಿಂದಿನ ಮಾಲೀಕ ಬರೆದಿಟ್ಟುಹೋದ ಬಾಣಗಳಿವೆ. ಅವುಗಳ ಅರ್ಥ ಯಾರಿಗೂ ಗೊತ್ತಿಲ್ಲವಾದ್ದರಿಂದ ಯಾರೂ ಅಳಿಸುವ ಧೈರ್ಯ ಮಾಡಿಲ್ಲ. ಆ ಬಾಣಗಳ ಮುಂದೆ ಗಲ್ಲ ಕೆರೆಯುತ್ತಾ ನಿಂತಿದ್ದರೆ ನನಗೆ ಇನ್ನೂ ಮೂರು ವರ್ಷ ಸಿಗುತ್ತಿತ್ತು, ಅಲ್ಲವೇ? ಅತ್ತ ದಂತವೈದ್ಯ ಹದಿನಾರು ಲಂಗಗಳೊಂದಿಗೆ ಮನೆಗೆ ಹೋಗುತ್ತಿದ್ದ. ಹೋಗಲಿ, ಅದು ನಿಮ್ಮ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

ಆದೇಶವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟೆ. ಹೆಂಡತಿ ಎರಡು ಸಲ ಓದಿದಳು. “ಫೋನ್ ಎತ್ತಿದ್ದಕ್ಕಾ ರೀ? ಮನೇಲಿ ಅದು ಬಡ್ಕೊಂಡು ಬಡ್ಕೊಂಡು ಸುಮ್ಮನಾದ್ರೂ ತಿರುಗಿ ನೋಡಲ್ಲ ನೀವು!” ಅಂದಳು. ನಗೋಣವೆಂದುಕೊಂಡೆ. ಅಷ್ಟರಲ್ಲಿ ಅವಳು ಕಾಗದವನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚತೊಡಗಿದಳು.

ಮಗಳು ಇಲ್ಲಿಗೆ ಬಂದಾಗ ಹದಿನಾಲ್ಕು ವರ್ಷ. ನಿಮ್ಮ ಭಾಷೆಯ ಒಂದು ಪದವೂ ಬರುತ್ತಿರಲಿಲ್ಲ. ಮೊದಲ ವರ್ಷ ತರಗತಿಯಲ್ಲಿ ಬಾಯಿ ಬಿಡಲಿಲ್ಲ, ಎರಡನೇ ವರ್ಷ ತಪ್ಪುತಪ್ಪಾಗಿ ಮಾತಾಡಿ ನಗಿಸಿದಳು, ಈ ವರ್ಷ ಇತರ ಮಕ್ಕಳಿಗೆ ವ್ಯಾಕರಣ ತಿದ್ದುತ್ತಾಳೆ. ಪರೀಕ್ಷೆ ತಪ್ಪಿದರೆ ಈ ಮೂರು ವರ್ಷದ ಓದಿಗೆ ಎಲ್ಲೂ ಬೆಲೆಯಿಲ್ಲ, ಬೇರೆ ಕಡೆ ಬರೆಯಲು ಬರುವುದಿಲ್ಲ ಎಂದು ಮುಖ್ಯೋಪಾಧ್ಯಾಯರು ಸ್ಪಷ್ಟವಾಗಿ ಹೇಳಿದ್ದಾರೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. “ನಾನು ಕಂಪನಿ ಕೊಂಡಿಲ್ಲ ಅಪ್ಪ, ಬರೀ ಓದಿದ್ದು” ಅಂದಳು.

ಮರುದಿನವೇ ನಿಮ್ಮ ಕಿಟಕಿಗೆ ಬಂದೆ. ಮರುಪರಿಶೀಲನೆಗೆ ತೊಂಬತ್ತು ದಿನ ಬೇಕೆಂದರು ಒಳಗಿದ್ದವರು.

“ದೇಶ ಬಿಡೋಕೆ ಮೂವತ್ತೇ ದಿನ ಕೊಟ್ಟಿದೀರಲ್ಲ?”

“ಬಿಟ್ಟು ಹೋಗಿ ಕಾಯಬಹುದು. ಮುಂದಿನವರು ಬನ್ನಿ.”

ಅರ್ಜಿ ನಮ್ಮದು, ಮರ್ಜಿ ನಿಮ್ಮದು. ಗಡುವು ನಮಗೆ, ಬಿಡುವು ನಿಮಗೆ. ಮುದ್ರಣಾಲಯ ಇನ್ನೂ ಕೈಯಲ್ಲಿದ್ದಿದ್ದರೆ ಇದನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿ ನಿಮ್ಮ ಬಾಗಿಲಿಗೆ ಅಂಟಿಸುತ್ತಿದ್ದೆ. ಐವರಿಗೆ ಅನ್ನ ಕೊಡುವ ಕಂಪನಿಯನ್ನು ಮುಚ್ಚಿಸಿ ಸ್ಥಳೀಯರ ಉದ್ಯೋಗ ಕಾಪಾಡುವ ನಿಮ್ಮ ಜಾಣ್ಮೆಗೆ ಯಾವ ಪ್ರಾಸವೂ ಹೊಂದುವುದಿಲ್ಲ. ಆದ್ದರಿಂದ ಈ ಆದೇಶವನ್ನು ಈ ಕೂಡಲೇ ರದ್ದುಮಾಡಿ, ನನ್ನ ಕುಟುಂಬದ ಕ್ಷಮೆ ಕೇಳಬೇಕೆಂದು ಈ ಮೂಲಕ ಆಗ್ರಹಿಸು

ಇಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ.

ಐವರಲ್ಲ, ನಾಲ್ವರು. ಫೋನಿನ ಹೆಂಗಸು ಕೆಲಸ ಬಿಡಲಿಲ್ಲ, ನಾನೇ ಬಿಡಿಸಿದೆ. ಹನ್ನೆರಡು ವರ್ಷದಿಂದ ಅಲ್ಲಿದ್ದವರು. ಅಂಗಡಿಯವರೆಲ್ಲ ಅವರನ್ನೇ ಕೇಳುತ್ತಿದ್ದರು, ಅಜ್ಜ ಕೂಡ ಅವರನ್ನು ಕೇಳದೆ ಏನನ್ನೂ ಬದಲಿಸುತ್ತಿರಲಿಲ್ಲ. ಆ ಸಾಫ್ಟ್‌ವೇರಿನ ಒಂದು ಸಾಲೂ ನನಗೆ ಅರ್ಥವಾಗುವುದಿಲ್ಲ. ಎರಡೂವರೆ ವರ್ಷ ಕ್ಯಾಬಿನ್ನಿನಲ್ಲಿ ಕೂತೆ, ನನ್ನನ್ನು ಕೇಳಿಕೊಂಡು ಒಂದೇ ಒಂದು ಫೋನ್ ಬರಲಿಲ್ಲ. ಆ ಕಚೇರಿಯಲ್ಲಿ ನನ್ನ ಕೈಲಾಗುವ ಕೆಲಸ ಒಂದೇ ಇತ್ತು, ಅದನ್ನು ಆಕೆ ಮಾಡುತ್ತಿದ್ದರು. ಬದಲಿಗೆ ಯಾರೂ ಸಿಗಲಿಲ್ಲ ಎಂದು ಮೇಲೆ ಬರೆದಿದ್ದೇನೆ. ನಾನು ಹುಡುಕಲೇ ಇಲ್ಲ.

ನಿಮ್ಮ ಆದೇಶ ಸರಿಯಾಗಿದೆ. ನನ್ನನ್ನು ನಾಳೆಯೇ ಕಳಿಸಿ. ಮಗಳು ಯಾರ ಕುರ್ಚಿಯನ್ನೂ ಕಿತ್ತುಕೊಂಡಿಲ್ಲ. ಪರೀಕ್ಷೆ ಮುಗಿಯುವವರೆಗೆ ಅವಳನ್ನೂ ಅವಳಮ್ಮನನ್ನೂ ಇಲ್ಲಿ ಇರಲು ಬಿಡಿ.

ಇಂತಿ,
ತಮ್ಮ ಕಡತದಲ್ಲಿ ಗುಮಾಸ್ತನೆಂದು ದಾಖಲಾಗಿರುವ,
ಅದಕ್ಕೆ ತಕರಾರು ಇಲ್ಲದ ಮಾಲೀಕ