ಕೊಟ್ಟ ಹೆಣ್ಣು, ತಂದ ಹೆಣ್ಣು

ಅಪ್ಪಾ,

ನಿನ್ನ ಹಿರಿಯ ಮಗಳು ಗಿರಿಜಾ ಬರೆಯುತ್ತಿದ್ದೇನೆ. ನೀನು ಹೋಗಿ ವರ್ಷವಾಗುತ್ತಾ ಬಂತು. ಸಿರುಗುಪ್ಪದ ಆಸ್ಪತ್ರೆಯಲ್ಲಿ ನಿನ್ನ ಜಾಗಕ್ಕೆ ಹೊಸ ಕಂಪೌಂಡರು ಬಂದಿದ್ದಾನೆ. ಸೀಸೆಗೆ ಚೀಟಿಯನ್ನೂ ನೆಟ್ಟಗೆ ಅಂಟಿಸಲು ಬಾರದು ಅವನಿಗೆ. ಆದರೆ ನಾನು ಬರೆಯಲು ಕೂತದ್ದು ಅದಕ್ಕಲ್ಲ. ನನ್ನಿಂದ ದೊಡ್ಡ ತಪ್ಪಾಗಿದೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನಾನು ಎಂಟು ವರ್ಷದವಳಾಗಿ ಕುರುಗೋಡಿನ ಅಜ್ಜಿಯ ಮನೆಯಿಂದ ನಮ್ಮ ಮನೆಗೆ ಬಂದ ದಿನ ನೆನಪಿದೆಯಾ? ಅವ್ವನಿಗೆ ಕಾಯಿಲೆ ಎಂದು ಕೂಸಿದ್ದಾಗಲೇ ನನ್ನನ್ನು ಅಲ್ಲಿ ಬಿಟ್ಟಿದ್ದೆ. ನನ್ನ ಹೊಸ ಹಲ್ಲುಗಳ ಮೇಲೆಲ್ಲ ಕಂದು ಪಟ್ಟೆ. ಬೇವಿನ ಕಡ್ಡಿ, ಇದ್ದಿಲು, ಉಪ್ಪು, ಏನು ಹಾಕಿ ಉಜ್ಜಿದರೂ ಹೋಗಲಿಲ್ಲ. ಸಿರುಗುಪ್ಪದಲ್ಲಿ ಹೊಳೆಯ ನೀರು ಕುಡಿದು ಬೆಳೆದ ತಂಗಿಯ ಹಲ್ಲು ಅಚ್ಚ ಬಿಳುಪು. "ಹಲ್ಲು ತಿಕ್ಕಾಕ ಬ್ಯಾಸರ ಈಕೀಗಿ," ಎಂದು ಅವ್ವ ಬೈದಳು. ನೀನು ನನ್ನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದೆ, ಏನೂ ಹೇಳಲಿಲ್ಲ. ಮುಂದೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಒಬ್ಬೊಬ್ಬರಾಗಿ ಎದ್ದುಹೋದಾಗಲೂ ನೀನು ಏನೂ ಹೇಳಲಿಲ್ಲ.

ಆ ಕರಿ ರಟ್ಟಿನ ನೋಟ್‌ಬುಕ್ಕು ಕೊಂಡು ತಂದೆಯಲ್ಲ, ಆಮೇಲೆ ನಿನಗೆ ಬೇರೆ ಧ್ಯಾಸವೇ ಇರಲಿಲ್ಲ. ರಜೆ ಸಿಕ್ಕರೆ ಸಾಕು, ಮೋಟಾರು ಹತ್ತಿ ಕುರುಗೋಡಿಗೋ ಹೊಳೆ ದಂಡೆಯ ರಾರಾವಿಗೋ ಹೊರಡುತ್ತಿದ್ದೆ. ಕುರುಗೋಡಿನಿಂದ ಹೊಳೆ ದಂಡೆಯ ಊರುಗಳಿಗೆ ಕೊಟ್ಟ ಹೆಣ್ಣುಗಳು ಒಂದು ಪಟ್ಟಿ, ಆ ಊರುಗಳಿಂದ ಕುರುಗೋಡಿಗೆ ತಂದ ಹೆಣ್ಣುಗಳು ಇನ್ನೊಂದು. ಯಾರ ಮಕ್ಕಳ ಹಲ್ಲು ಹೇಗೆ, ಯಾರ ಬೆನ್ನು ಮೂವತ್ತಕ್ಕೇ ಬಿಗಿಯಿತು, ಎಲ್ಲ ಬರೆದೆ. ಕೊಟ್ಟವಳ ಮಕ್ಕಳಿಗೆ ಬಿಳಿ ಹಲ್ಲು, ತಂದವಳ ಮಕ್ಕಳಿಗೆ ಪಟ್ಟೆ. "ಇದು ಮನಿತನದ್ದಲ್ಲ, ಕುರುಗೋಡಿನ ಬಾವೀದು," ಎನ್ನುತ್ತಿದ್ದೆ. ಜನ ಕೇಳಬೇಕಲ್ಲ! "ಕಂಪೌಂಡರಪ್ಪ ಹೆಣ್ಣು ನೋಡಾಕ ಬಂದಾನ, ಬಾಯಿ ತಗೀರಿ," ಎಂದು ಚೇಷ್ಟೆ ಮಾಡುತ್ತಿದ್ದರು. ಮನೆಯಲ್ಲಿ ನಾವೂ ನಕ್ಕೆವಲ್ಲ ಅಪ್ಪಾ. ಈಗ ನೆನೆದರೆ...

ಬಳ್ಳಾರಿಗೆ ಶೇಷಾಚಲ ಮೇಷ್ಟ್ರ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನಿನ್ನ ಗೆಳೆಯ, ಯಾರೋ ಡಾಕ್ಟರ ಮನೆಯ ಹಳೆಯ ವೈದ್ಯಪತ್ರಿಕೆಯಲ್ಲಿ ಪರದೇಶದ ಲೇಖನವೊಂದರ ಹೆಸರು ನೋಡಿದ್ದರು. ಕುಡಿಯುವ ನೀರಿನಿಂದ ಹಲ್ಲಿಗೆ ಪಟ್ಟೆ ಬರುವ ಬಗ್ಗೆ. ಹೆಸರಷ್ಟೇ, ಲೇಖನ ಬಳ್ಳಾರಿಯಲ್ಲಿ ಎಲ್ಲೂ ಇಲ್ಲ. ಮದರಾಸಿನಲ್ಲಿದ್ದರೂ ಒಬ್ಬ ಕಂಪೌಂಡರಿಗೆ ಯಾರು ತೆಗೆದು ತೋರಿಸುತ್ತಾರೆ? "ಬರದೋರಿಗೇ ಕಾಗದ ಹಾಕೋಣ್ರಿ. ಕೇಳಿದ್ರ ಒಂದು ಪ್ರತಿ ಕಳಿಸೋದು ಅವರ ಪದ್ಧತಿ ಐತಿ," ಎಂದರು ಮೇಷ್ಟ್ರು. ನಿನ್ನ ಎರಡು ಪಟ್ಟಿಗಳ ವಿಷಯವನ್ನೂ ಬರೆದರು. ನಿನ್ನ ಹೆಸರಿನ ಮುಂದೆ ಡಾಕ್ಟರ್ ಎಂದು ಸೇರಿಸಲು ಹೋದಾಗ ನೀನು ಅವರ ಕೈ ಹಿಡಿದೆ. "ಬ್ಯಾಡ್ರಿ ಮೇಷ್ಟ್ರ, ಕಂಪೌಂಡರ್ ಅಂತನ ಬರೀರಿ. ಸುಳ್ಳು ಹೇಳಿ ಖರೇ ಕೇಳೋದು ಹ್ಯಾಂಗ?"

ನೀನು ದಿನಾ ಟಪ್ಪಾಲು ಕಾದೆ. ಕಾಯುತ್ತಿದ್ದಾಗಲೇ ಜ್ವರ ಬಂತು, ಒಂದು ವಾರದಲ್ಲಿ ಹೊರಟೇಹೋದೆ.

ನಿನ್ನನ್ನು ಸಮಾಧಿಯಲ್ಲಿ ಕೂರಿಸಿ ವಿಭೂತಿ, ಬಿಲ್ವಪತ್ರೆ ಇಡುತ್ತಿದ್ದಾಗ ನಾನು ಓಡಿಹೋಗಿ ಆ ನೋಟ್‌ಬುಕ್ಕು ತಂದೆ. ಒಳಗೆ ಏನಿದೆ ಎಂದು ತೆರೆದೂ ನೋಡಲಿಲ್ಲ. ನಿನಗೆ ಅಷ್ಟು ಪ್ರೀತಿಯದು ನಿನ್ನ ಜೊತೆಗೇ ಇರಲಿ ಎಂದು ಮಡಿಲಲ್ಲಿ ಇರಿಸಿದೆ. "ಅಪ್ಪನ ಮ್ಯಾಲ ಎಷ್ಟು ಜೀವ ನೋಡವ್ವಾ," ಎಂದು ನೆರೆದವರೆಲ್ಲ ಅತ್ತರು.

ನಾಲ್ಕು ತಿಂಗಳಿಗೆ ಲಕೋಟೆ ಬಂತು. ಮೇಷ್ಟ್ರು ಓದಿ ಹೇಳಿದರು. ನೀನು ಹೇಳಿದ್ದೇ ನಿಜ, ನೀರೇ. ಕಲ್ಲಿನಿಂದ ಬಾವಿಯ ನೀರಿಗೆ ಇಳಿಯುವ ಫ್ಲೋರೈಡ್ ಎಂಬುದು. ಜೊತೆಗೊಂದು ಕಾಗದ: ನಿಮ್ಮ ಪಟ್ಟಿಯಂಥದ್ದನ್ನು ನಾವೆಲ್ಲೂ ಕಂಡಿಲ್ಲ, ಅದರ ನಕಲು ಕಳಿಸಿ, ಬಾವಿಯ ನೀರು ಕಳಿಸಿದರೆ ಇಲ್ಲಿ ಪರೀಕ್ಷೆ ಮಾಡುತ್ತೇವೆ, ಹೊಸ ಲೇಖನಗಳು ಬಂದಂತೆಲ್ಲ ನಿಮಗೆ ಕಳಿಸುತ್ತೇವೆ, ಕೂಡಿ ಮಾಡೋಣ. ಮೇಷ್ಟ್ರು ಕಣ್ಣೊರೆಸಿಕೊಂಡು, "ನೋಟ್‌ಬುಕ್ ಎಲ್ಲೈತಮ್ಮಾ?" ಎಂದರು. ಸಮಾಧಿ ತೆರೆಸಲಾ ಎಂದು ಕೂಡ ಒಂದು ಗಳಿಗೆ ಯೋಚಿಸಿದೆ. ಕ್ಷಮಿಸು.

ಕೊನೆಗೆ ಹೊಸ ನೋಟ್‌ಬುಕ್ಕು ಹಿಡಿದು ನಾನೇ ರಾರಾವಿಗೆ ಹೋದೆ. ಕುರುಗೋಡಿನಿಂದ ಆ ಊರಿಗೆ ಕೊಟ್ಟ ಬಸಮ್ಮ ಮಣೆ ಹಾಕಿ ಕೂರಿಸಿದಳು. "ನಿಮ್ಮಪ್ಪಾರು ಬರದದ್ದನ್ನ ನಮಗ ಓದಿ ಹೇಳತಿದ್ರವ್ವಾ, ತಪ್ಪೇನರ ಐತೇನು ಅಂತ. ಮೊದಲ್ನೇ ಹೆಸರು ನಿಂದು. 'ನನ್ನ ಮಗಳನ್ನ ನಾನ ಆ ನೀರಿಗಿ ಬಿಟ್ಟು ಬಂದೆ ಬಸಮ್ಮ. ಔಷಧ ಕಲಸಾಂವಗ ಇಷ್ಟು ತಿಳೀಲಿಲ್ಲ,' ಅಂತ ಇದ ಕಟ್ಟಿ ಮ್ಯಾಲ ಕುಂತು ಅಳತಿದ್ರು."

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೆವು ಅಪ್ಪಾ. ರಾರಾವಿಯ ಕಟ್ಟೆಯ ಮೇಲೆ ಹೇಳಿದ್ದನ್ನು ನನ್ನೆದುರಿಗೆ ಒಂದು ಸಲ ಹೇಳಬಾರದಿತ್ತಾ? ನಾನು ಏನನ್ನುತ್ತೇನೆ ಎಂದು ಹೆದರಿದೆ?

ಪಟ್ಟಿ ಅರ್ಧವಾಗಿದೆ. ಕೆಲವರು ತೀರಿಕೊಂಡಿದ್ದಾರೆ, ಕೆಲವರಿಗೆ ನೆನಪಿಲ್ಲ. ಆದರೂ ಮುಗಿಸಿ, ನಿನ್ನ ಹೆಸರಿನಲ್ಲೇ ಕಳಿಸುತ್ತೇನೆ, ಕಂಪೌಂಡರ್ ಎಂದೇ ಬರೆದು. ಮತ್ತೊಂದು ವಿಷಯ. ಆ ಲೇಖನದ ಮೊದಲ ಹಾಳೆಯನ್ನು ಮೇಷ್ಟ್ರಿಂದ ಎರಡು ಸಲ ಓದಿಸಿ ಕೇಳಿದೆ. ಕಾರಣ ಇಂಥದ್ದು ಎಂದು ಅವರು ಕಂಡುಹಿಡಿಯುವ ಹೊತ್ತಿಗೆ ನನಗೆ ಆರೇಳು ವರ್ಷ. ನೀನು ನನ್ನನ್ನು ಅಜ್ಜಿಯ ಮಡಿಲಿಗೆ ಹಾಕಿ ಬಂದಾಗ ಬಳ್ಳಾರಿಯ ಯಾವ ಡಾಕ್ಟರಿಗೂ ಇದು ತಿಳಿದಿರಲಿಲ್ಲ. ಈ ಕಾಗದ ಬರೆದ ದೊಡ್ಡ ಮನುಷ್ಯರಿಗೂ ತಿಳಿದಿರಲಿಲ್ಲ. ಲೋಕದಲ್ಲಿ ಯಾರಿಗೂ ತಿಳಿದಿರಲಿಲ್ಲ, ಅಪ್ಪಾ.

ನಿನ್ನ
ಗಿರಿಜಾ